ಲೆಕ್ಕ ಮಾಡಿದವರು, ಲೆಕ್ಕಕ್ಕೆ ಬಾರದವರು: ಕಪ್ಪು ಮಹಿಳಾ ವಿಜ್ಞಾನಿಗಳನ್ನು ಕುರಿತ ಅಮೆರಿಕದ ಮಕ್ಕಳ ಪುಸ್ತಕಗಳು

ಮಕ್ಕಳಿಗಾಗಿ ಬರೆದ ಜೀವನಚರಿತ್ರೆಗಳನ್ನು ನಮ್ಮ ವಿಮರ್ಶೆ ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ. ಅವು ಶಾಲೆಯ ಗ್ರಂಥಾಲಯಕ್ಕೆ, ಬಹುಮಾನ ವಿತರಣೆಯ ಸಮಾರಂಭಕ್ಕೆ ಸೇರಿದವು ಎಂಬ ಭಾವನೆ ಅಧ್ಯಯನ ವಲಯದಲ್ಲಿ ಇಂದಿಗೂ ಬಲವಾಗಿದೆ. ಆದರೆ ಒಂದು ಸಮಾಜ ತನ್ನ ಚರಿತ್ರೆಯಿಂದ ಯಾರನ್ನು ಕೈಬಿಟ್ಟಿತ್ತು, ಕೈಬಿಟ್ಟವರನ್ನು ಯಾವ ಷರತ್ತಿನ ಮೇಲೆ ಮತ್ತೆ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದು ದೊಡ್ಡವರ ಗ್ರಂಥಗಳಿಗಿಂತ ಮಕ್ಕಳ ಪುಸ್ತಕಗಳಲ್ಲಿ ಹೆಚ್ಚು ನೇರವಾಗಿ ಕಾಣಿಸುತ್ತದೆ. ಸುಮಾರು ನಲವತ್ತು ಪುಟಗಳ ಚಿತ್ರಪುಸ್ತಕದಲ್ಲಿ ಏನನ್ನು ಇಡಬೇಕು, ಏನನ್ನು ಬಿಡಬೇಕು ಎಂಬ ಆಯ್ಕೆಯನ್ನು ಮರೆಮಾಚಲು ಜಾಗವೇ ಇರುವುದಿಲ್ಲ.

2016ರಲ್ಲಿ ಮಾರ್ಗೊ ಲೀ ಶೆಟರ್ಲಿಯವರ 'ಹಿಡನ್ ಫಿಗರ್ಸ್' ಪ್ರಕಟವಾಯಿತು. ಅದೇ ವರ್ಷದ ಕೊನೆಗೆ ಅದನ್ನು ಆಧರಿಸಿದ ಚಲನಚಿತ್ರವೂ ತೆರೆಗೆ ಬಂತು. ಆ ನಂತರ ಅಮೆರಿಕದಲ್ಲಿ ವಿಜ್ಞಾನ ಮತ್ತು ಗಣಿತ ಕ್ಷೇತ್ರಗಳ ಕಪ್ಪು ಮಹಿಳೆಯರನ್ನು ಕುರಿತ ಮಕ್ಕಳ ಪುಸ್ತಕಗಳು ಒಂದರ ಹಿಂದೊಂದು ಬಂದವು. ಶೆಟರ್ಲಿಯವರೇ ಬರೆದು ಲಾರಾ ಫ್ರೀಮನ್ ಚಿತ್ರ ಬರೆದ 'ಹಿಡನ್ ಫಿಗರ್ಸ್' ಚಿತ್ರಪುಸ್ತಕ 2018ರಲ್ಲಿ, ಹೆಲೇನ್ ಬೆಕರ್ ಅವರ 'ಕೌಂಟಿಂಗ್ ಆನ್ ಕ್ಯಾಥರೀನ್' ಅದೇ ವರ್ಷ, ಸುಜಾನ್ ಸ್ಲೇಡ್ ಅವರ 'ಎ ಕಂಪ್ಯೂಟರ್ ಕಾಲ್ಡ್ ಕ್ಯಾಥರೀನ್' 2019ರಲ್ಲಿ ಹೊರಬಂದವು. ಕಣ್ಣಿನ ವೈದ್ಯೆ ಪೆಟ್ರೀಷಿಯಾ ಬಾತ್, ಹಡಗು ವಿನ್ಯಾಸಕಿ ರೇ ಮಾಂಟೆಗ್ಯು, ಗಗನಯಾತ್ರಿ ಮೇ ಜೆಮಿಸನ್ ಇವರೆಲ್ಲರ ಬಗೆಗೂ ಇಂಥ ಪುಸ್ತಕಗಳಿವೆ.

ಈ ಪುಸ್ತಕಗಳ ಹಿಂದೆ ದೀರ್ಘವಾದ ಒಂದು ಕೊರತೆಯ ಇತಿಹಾಸವಿದೆ. 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣ ತಜ್ಞೆ ಅದರ ಹಿಂದಿನ ಮೂರು ವರ್ಷಗಳಲ್ಲಿ ಅಮೆರಿಕದ ಪ್ರಕಾಶಕರು ಹೊರತಂದಿದ್ದ 5,206 ಮಕ್ಕಳ ಪುಸ್ತಕಗಳನ್ನು ಪರಿಶೀಲಿಸಿದಾಗ, ಒಬ್ಬ ಕಪ್ಪು ವ್ಯಕ್ತಿಯಾದರೂ ಕಾಣಿಸಿಕೊಂಡಿದ್ದ ಪುಸ್ತಕಗಳ ಪ್ರಮಾಣ ಶೇ. 6.7 ಮಾತ್ರವಿತ್ತು. ಇಪ್ಪತ್ತು ವರ್ಷಗಳ ನಂತರ, 1985ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ ಎಣಿಸಿ ನೋಡಿದಾಗ, ಆ ವರ್ಷ ಪ್ರಕಟವಾದ ಸುಮಾರು 2,500 ಪುಸ್ತಕಗಳಲ್ಲಿ ಕಪ್ಪು ಲೇಖಕರು ಬರೆದವು 18. ಪುಸ್ತಕವು ಮಗುವಿಗೆ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂದು 1990ರಲ್ಲಿ ರುಡೀನ್ ಸಿಮ್ಸ್ ಬಿಷಪ್ ವಾದಿಸಿದ್ದು ಈ ಹಿನ್ನೆಲೆಯಲ್ಲಿ. ತನ್ನ ಮುಖ ಎಲ್ಲಿಯೂ ಕಾಣದ ಮಗು ತಾನು ಬೆಲೆಯಿಲ್ಲದವಳೆಂಬ ಪಾಠವನ್ನು ಯಾರೂ ಹೇಳಿಕೊಡದೆಯೇ ಕಲಿಯುತ್ತದೆ. ಆದುದರಿಂದ ಈಚಿನ ಪುಸ್ತಕಗಳು ಬಂದುದು ಒಳ್ಳೆಯದಾಯಿತು ಎಂಬ ಬಗ್ಗೆ ನನಗೆ ಸಂದೇಹವಿಲ್ಲ. ನನ್ನ ತಕರಾರು ಇರುವುದು ಅವು ಎರಕ ಹೊಯ್ದುಕೊಂಡಿರುವ ಅಚ್ಚಿನ ಬಗೆಗೆ.

ಈ ತಕರಾರು ನನಗೆ ಹೊಳೆದದ್ದು ಸಿದ್ಧಾಂತಗಳನ್ನು ಓದಿದ್ದರಿಂದಲ್ಲ. ಮಕ್ಕಳ ಜೀವನಚರಿತ್ರೆಗಳನ್ನು ಕುರಿತ ನನ್ನ ಸಂಶೋಧನೆಯ ನಡುವೆ, ಕ್ಯಾಥರೀನ್ ಜಾನ್ಸನ್ ಅವರ ಬದುಕನ್ನು ಐದನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗಳಿಗಾಗಿ ಕನ್ನಡದಲ್ಲಿ ಬರೆದುಕೊಡಲು ಕುಳಿತೆ. ಇಂಗ್ಲಿಷ್ ಸರಾಗವಾಗಿ ದಾಟಿಹೋಗುವ ಕೆಲವು ಕಡೆಗಳಲ್ಲಿ ಕನ್ನಡ ನಿಂತುಬಿಟ್ಟಿತು. ಆ ನಿಲುಗಡೆಗಳನ್ನೇ ಹಿಡಿದು ಕೆಲವು ಮಾತುಗಳನ್ನು ಇಲ್ಲಿ ಮುಂದಿಡುತ್ತೇನೆ.

ಮೊದಲನೆಯದು 'ಕಡೆಗಣಿಸಲ್ಪಟ್ಟ' ಎಂಬ ಪದ. ಈ ಪುಸ್ತಕಗಳ ಬೆನ್ನುಡಿಗಳಲ್ಲಿ, ಪರಿಚಯ ಲೇಖನಗಳಲ್ಲಿ ಇದರ ಇಂಗ್ಲಿಷ್ ರೂಪ ತಪ್ಪದೆ ಬರುತ್ತದೆ. ಮರೆಯಾದವರು, ಮರೆತುಹೋದವರು, ಕಡೆಗಣಿಸಲ್ಪಟ್ಟವರು. ಕನ್ನಡದ ಜಾಯಮಾನಕ್ಕೆ ಕರ್ಮಣಿ ಪ್ರಯೋಗ ಒಗ್ಗುವುದಿಲ್ಲವೆಂದು ವ್ಯಾಕರಣದ ತರಗತಿಯಲ್ಲಿ ನಾವೆಲ್ಲರೂ ಕಲಿತಿದ್ದೇವೆ, ಕಲಿಸುತ್ತಿದ್ದೇವೆ. 'ಕಡೆಗಣಿಸಲ್ಪಟ್ಟರು' ಎಂದು ಬರೆದು ಗಟ್ಟಿಯಾಗಿ ಓದಿದರೆ ವಾಕ್ಯ ಕುಂಟುತ್ತದೆ. 'ಕಡೆಗಣಿಸಿದರು' ಎಂದು ತಿದ್ದಿದ ಕೂಡಲೇ ಕರ್ತೃಪದ ಬೇಕಾಗುತ್ತದೆ. ಯಾರು ಕಡೆಗಣಿಸಿದರು? ಇಂಗ್ಲಿಷ್ ಪಠ್ಯದಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ಬಹಳಷ್ಟು ಪುಸ್ತಕಗಳಲ್ಲಿ ಸಿಗುವುದು 'ಆ ಕಾಲ', 'ಅಂದಿನ ಪರಿಸ್ಥಿತಿ', ಹೆಚ್ಚೆಂದರೆ 'ಕೆಲವರು'. ('ಕಡೆಗಣಿಸು' ಎಂಬುದನ್ನು ಕಡೆ, ಗಣಿಸು ಎಂದು ಬಿಡಿಸಿದರೆ ಕೊನೆಯಲ್ಲಿ ಎಣಿಸುವುದು ಎಂಬ ಅರ್ಥ ಕೇಳಿಸುತ್ತದೆ, ಕಡೆಗಣ್ಣಿನ ನೋಟವೂ ಅದರಲ್ಲಿ ಕೇಳಿಸುತ್ತದೆ. ನಿಷ್ಪತ್ತಿ ಯಾವುದೇ ಇರಲಿ, ಎರಡು ಕ್ರಿಯೆಗಳಿಗೂ ಒಬ್ಬ ಮಾಡುವವನು ಬೇಕು.)

ಕರ್ತೃಪದ ಚರಿತ್ರೆಯಲ್ಲಿ ಸಿಗದೆ ಇರುವಂಥದ್ದೇನಲ್ಲ. ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್‌ನಲ್ಲಿದ್ದ ಲ್ಯಾಂಗ್ಲಿ ವಿಮಾನ ಸಂಶೋಧನಾಲಯ 1935ರಿಂದ ಬಿಳಿಯ ಮಹಿಳೆಯರನ್ನು ಲೆಕ್ಕದ ಕೆಲಸಕ್ಕೆ ನೇಮಿಸಿಕೊಳ್ಳುತ್ತಿತ್ತು. ರಕ್ಷಣಾ ಉದ್ಯಮಗಳಲ್ಲಿ ಜನಾಂಗ ಭೇದವನ್ನು ನಿಷೇಧಿಸುವ ಆಜ್ಞೆಗೆ ಅಧ್ಯಕ್ಷ ರೂಸ್‌ವೆಲ್ಟ್ 1941ರಲ್ಲಿ ಸಹಿ ಹಾಕಿದ್ದು ಕಪ್ಪು ಕಾರ್ಮಿಕ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ವಾಷಿಂಗ್ಟನ್ನಿಗೆ ಮೆರವಣಿಗೆ ತರುವುದಾಗಿ ಎಚ್ಚರಿಸಿದ ಮೇಲೆ. 1943ರಲ್ಲಿ ಕಪ್ಪು ಮಹಿಳೆಯರ ನೇಮಕ ಆರಂಭವಾಯಿತು. ಅವರಿಗಾಗಿ ಪಶ್ಚಿಮ ವಿಭಾಗದಲ್ಲಿ ಬೇರೆ ಕೋಣೆ, ಬೇರೆ ಶೌಚಾಲಯ, ಊಟದ ಮನೆಯಲ್ಲಿ ಬೇರೆ ಮೇಜು. ಪ್ರತ್ಯೇಕತೆ ವರ್ಜೀನಿಯಾದ ಶಾಸನವಾಗಿತ್ತು. ಶಾಸನವನ್ನು ರಚಿಸಿದವರಿದ್ದರು, ಮತ ಹಾಕಿದವರಿದ್ದರು, ಫಲಕ ಬರೆಸಿ ತಂದಿಟ್ಟವರೂ ಇದ್ದರು.

ಆ ಫಲಕದ ಕಥೆಯನ್ನು ಶೆಟರ್ಲಿಯವರು ತಮ್ಮ ಮೂಲ ಗ್ರಂಥದಲ್ಲಿ ಹೇಳುತ್ತಾರೆ. ಕಪ್ಪು ಗಣಕಿಯರ ಮೇಜೆಂದು ಸೂಚಿಸುವ ರಟ್ಟಿನ ಫಲಕವೊಂದು ಊಟದ ಮನೆಯಲ್ಲಿರುತ್ತಿತ್ತು. ಮಿರಿಯಮ್ ಮ್ಯಾನ್ ಎಂಬ ಗಿಡ್ಡ ಹೆಂಗಸು ಅದನ್ನು ಎತ್ತಿ ತಮ್ಮ ಕೈಚೀಲದೊಳಗೆ ಹಾಕಿಕೊಂಡರು. ಕೆಲವು ದಿನಗಳಲ್ಲಿ ಹೊಸದೊಂದು ಬಂತು. ಅದನ್ನೂ ಹಾಕಿಕೊಂಡರು. ಕೆಲಸ ಹೋದೀತೆಂದು ಮನೆಯವರು ಹೆದರಿದರೂ ಅವರು ಬಿಡಲಿಲ್ಲ. ಕೊನೆಗೊಂದು ದಿನ ಫಲಕ ಬರುವುದು ನಿಂತುಹೋಯಿತು. ಇದಕ್ಕೆ ಪ್ರತಿಯಾಗಿ ಚಲನಚಿತ್ರ ಏನು ಮಾಡಿತೆಂಬುದನ್ನು ನೋಡಬೇಕು. ಅಲ್ಲಿ ಬಿಳಿಯ ಮೇಲಧಿಕಾರಿಯೊಬ್ಬ ಎಲ್ಲರೆದುರು ಶೌಚಾಲಯದ ಫಲಕವನ್ನು ಒಡೆದು ಕೆಡಹುತ್ತಾನೆ. ಅಂಥ ಘಟನೆ ನಡೆದಿರಲಿಲ್ಲ. ಫಲಕವನ್ನು ಹಾಕಿದವರ ಹೆಸರನ್ನು ಹೇಳದ ಕಥೆಗೆ ಅದನ್ನು ಕಿತ್ತವನ ಹೆಸರು ಮಾತ್ರ ಬೇಕಾಯಿತು. ಅದನ್ನೂ ಕಲ್ಪಿಸಿಕೊಂಡು ಕೊಟ್ಟಿತು. ಇಷ್ಟೇ ಆಗಿದ್ದರೆ ಸಿನಿಮಾದ ಚಟವೆಂದು ಬಿಡಬಹುದಿತ್ತು. ಆದರೆ ತರಗತಿಗಳಲ್ಲಿ ಪುಸ್ತಕದ ಜೊತೆಗೆ ಸಿನಿಮಾವನ್ನೂ ತೋರಿಸುವುದರಿಂದ ಮಕ್ಕಳ ನೆನಪಿನಲ್ಲಿ ಉಳಿಯುವುದು ಸುತ್ತಿಗೆ, ಕೈಚೀಲವಲ್ಲ.

ಕರ್ತೃವನ್ನು ಹೆಸರಿಸಿದರೆ ಮಕ್ಕಳ ಪುಸ್ತಕ ಕಹಿಯಾಗುತ್ತದೆ ಎಂಬ ವಾದವಿದೆ. ಆಲಿಸ್ ಬಾಲ್ ಅವರ ಪ್ರಕರಣವನ್ನು ಈ ವಾದದ ಎದುರು ಇಡಬಹುದು. 1915ರಲ್ಲಿ ಹವಾಯಿ ಕಾಲೇಜಿನಿಂದ ಸ್ನಾತಕೋತ್ತರ ಪದವಿ ಪಡೆದ ಮೊದಲ ಮಹಿಳೆ ಅವರು. ಮೊದಲ ಕಪ್ಪು ವ್ಯಕ್ತಿಯೂ ಅವರೇ. ಕುಷ್ಠರೋಗಕ್ಕೆ ಬಳಸುತ್ತಿದ್ದ ಚಾಲಮೊಗ್ರ ಎಣ್ಣೆ ಮಂದವಾಗಿದ್ದು, ಚುಚ್ಚಿದರೆ ಚರ್ಮದಡಿ ಗಂಟುಕಟ್ಟುತ್ತಿತ್ತು, ಕುಡಿದರೆ ವಾಂತಿಯಾಗುತ್ತಿತ್ತು. ಅದರ ಕೊಬ್ಬಿನಾಮ್ಲಗಳನ್ನು ಈಥೈಲ್ ಎಸ್ಟರುಗಳಾಗಿ ಮಾರ್ಪಡಿಸಿ, ದೇಹ ಹೀರಿಕೊಳ್ಳುವಂಥ ಚುಚ್ಚುಮದ್ದಾಗಿಸುವ ವಿಧಾನವನ್ನು ಬಾಲ್ ಕಂಡುಹಿಡಿದರು. (ಇದೇ ಕುಲದ ಮರ ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿದೆ. ಗರುಡಫಲವೆಂದು ಕರೆಯುವ ಅದರ ಬೀಜದೆಣ್ಣೆಯನ್ನು ನಮ್ಮಲ್ಲೂ ಚರ್ಮರೋಗಗಳಿಗೆ ಬಳಸುತ್ತಿದ್ದರು.) 1916ರ ಕೊನೆಯ ದಿನ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಬಾಲ್ ತೀರಿಕೊಂಡರು. ಅವರ ಕೆಲಸವನ್ನು ಮುಂದುವರಿಸಿದ ಕಾಲೇಜಿನ ಅಧ್ಯಕ್ಷ ಆರ್ಥರ್ ಡೀನ್ ಅವರ ಹೆಸರನ್ನೆತ್ತದೆ ಫಲಿತಾಂಶಗಳನ್ನು ಪ್ರಕಟಿಸಿದರು. ಬಾಲ್ ಅವರನ್ನು ಈ ಸಂಶೋಧನೆಗೆ ಹಚ್ಚಿದ್ದ ವೈದ್ಯ ಹ್ಯಾರಿ ಹಾಲ್‌ಮನ್ 1922ರಲ್ಲಿ ಅದನ್ನು ಬಾಲ್ ವಿಧಾನವೆಂದು ಹೆಸರಿಸಿ ಬರೆದರು. ವಿಶ್ವವಿದ್ಯಾಲಯ ತನ್ನ ಆವರಣದ ಚಾಲಮೊಗ್ರ ಮರದ ಬಳಿ ಅವರ ನೆನಪಿನ ಫಲಕವಿಟ್ಟದ್ದು 2000ದಲ್ಲಿ. ಇಲ್ಲಿ ಯಾರೂ ಯಾರನ್ನೂ 'ಮರೆತಿರಲಿಲ್ಲ'. ಒಬ್ಬರು ಹೆಸರನ್ನು ಬಿಟ್ಟರು, ಇನ್ನೊಬ್ಬರು ಬರೆದರು. ತರಗತಿಯಲ್ಲಿ ಪಕ್ಕದವನ ಲೆಕ್ಕವನ್ನು ನಕಲು ಮಾಡಿ ಹೆಸರು ತನ್ನದು ಹಾಕಿಕೊಳ್ಳುವುದು ಏನೆಂಬುದು ಏಳು ವರ್ಷದ ಮಗುವಿಗೆ ಚೆನ್ನಾಗಿ ಗೊತ್ತು. ಕಹಿ ಮಗುವಿಗೆ ಹೊಸದಲ್ಲ. ಅಂಜಿಕೆ ಇರುವುದು ಪುಸ್ತಕ ಕೊಳ್ಳುವ ದೊಡ್ಡವರಲ್ಲಿ.

ಸ್ಲೇಡ್ ಅವರ ಪುಸ್ತಕದಲ್ಲಿ ಒಂದು ಜಾಣ ಉಪಾಯವಿದೆ. ಕ್ಯಾಥರೀನ್ ಎದುರಿಸಿದ ಅನ್ಯಾಯಗಳನ್ನು ಅದು ತಪ್ಪು ಲೆಕ್ಕಗಳಿಗೆ ಹೋಲಿಸುತ್ತದೆ. ಕೂಡಿದರೆ ಬಾರದ ಉತ್ತರ ಹೇಗೆ ತಪ್ಪೋ, ಹುಡುಗಿಯರಿಗೆ ಇಂಥ ಕೆಲಸ ಸಲ್ಲದೆನ್ನುವುದೂ ಹಾಗೆಯೇ ತಪ್ಪು. ಮಗುವಿಗೆ ಥಟ್ಟನೆ ಅರ್ಥವಾಗುವ ಹೋಲಿಕೆ. ಮೊದಲ ಓದಿಗೆ ನಾನೂ ಮೆಚ್ಚಿಕೊಂಡಿದ್ದೆ. ಮತ್ತೆ ಯೋಚಿಸಿದಾಗ ಅದು ಒಪ್ಪಿಗೆಯಾಗಲಿಲ್ಲ. ತಪ್ಪು ಲೆಕ್ಕ ಮಾಡಿದವನಿಗೆ ಅದರಿಂದ ಲಾಭವಿಲ್ಲ, ತೋರಿಸಿಕೊಟ್ಟರೆ ತಿದ್ದಿಕೊಳ್ಳುತ್ತಾನೆ. ಪ್ರತ್ಯೇಕತೆಯಾದರೋ ಅದನ್ನು ರೂಪಿಸಿದವರ ದೃಷ್ಟಿಯಿಂದ ಸರಿಯಾಗಿಯೇ ಹಾಕಿದ ಲೆಕ್ಕ. ಕಪ್ಪು ಗಣಕಿಯರಿಗೆ ಕಡಿಮೆ ದರ್ಜೆ, ತಡವಾದ ಬಡ್ತಿ, ಸಹಿಯಿಲ್ಲದ ವರದಿಗಳು: ಇವುಗಳ ಉಳಿತಾಯ ಎಲ್ಲೋ ಒಂದು ಕಡೆ ಜಮೆಯಾಗುತ್ತಿತ್ತು. ಅನ್ಯಾಯವನ್ನು ಕೈತಪ್ಪೆಂದು ಮಗುವಿಗೆ ಹೇಳಿಕೊಟ್ಟರೆ, ದೊಡ್ಡವಳಾದ ಮೇಲೆ ಅದನ್ನು ಎದುರಿಸಬೇಕಾದಾಗ ಅವಳು ಉತ್ತರ ತೋರಿಸಿ ಕಾಯುತ್ತ ನಿಲ್ಲುತ್ತಾಳೆ.

ಬೆಕರ್ ಅವರ ಪುಸ್ತಕ ಬೇರೆ ಬಗೆಯದು. ತಮ್ಮ ಊರಿನಲ್ಲಿ ಕಪ್ಪು ಮಕ್ಕಳಿಗೆ ಪ್ರೌಢಶಾಲೆಯ ಬಾಗಿಲು ಮುಚ್ಚಿದ್ದಾಗ ಬಾಲಕಿ ಕ್ಯಾಥರೀನ್‌ಗೆ ಬಂದ ಸಿಟ್ಟನ್ನು ಅದು ಮುಚ್ಚಿಡುವುದಿಲ್ಲ. ಮಕ್ಕಳನ್ನು ಓದಿಸಲೆಂದು ತಂದೆ ಪಟ್ಟ ಪಾಡನ್ನೂ ಹೇಳುತ್ತದೆ. ಇದು ಅದರ ಹೆಚ್ಚಳ. ಆದರೆ ಅದರ ಉಪಶೀರ್ಷಿಕೆ ಕ್ಯಾಥರೀನ್ ಜಾನ್ಸನ್ ಅಪೊಲೊ 13ನ್ನು ಕಾಪಾಡಿದರು ಎನ್ನುತ್ತದೆ. 1970ರ ಏಪ್ರಿಲ್‌ನಲ್ಲಿ ಆಮ್ಲಜನಕದ ತೊಟ್ಟಿ ಸಿಡಿದ ಆ ನೌಕೆಯ ಮೂವರನ್ನು ಮರಳಿ ತಂದದ್ದು ನೂರಾರು ಜನರ ನಿದ್ದೆಗೆಟ್ಟ ದುಡಿಮೆ. ಯಂತ್ರಗಳು ಕೈಕೊಟ್ಟರೆ ದಾರಿ ಕಂಡುಕೊಳ್ಳುವ ಬದಲಿ ವಿಧಾನಗಳ ಮೇಲೆ ಜಾನ್ಸನ್ ಮೊದಲೇ ಕೆಲಸ ಮಾಡಿದ್ದರು, ಅದು ಅಂದು ಒದಗಿಬಂತು. ಇದು ಸಣ್ಣ ಮಾತಲ್ಲ. ಆದರೆ ಕಾಪಾಡಿದ್ದು ಒಬ್ಬರೇ ಎಂಬ ಮಾತು ಬೇರೆ.

ನನ್ನ ಮುಖ್ಯ ಆಕ್ಷೇಪ ಇಲ್ಲಿಯೇ ಇದೆ. ಈ ಮಹಿಳೆಯರು ಚರಿತ್ರೆಯ ಕಣ್ಣಿಗೆ ಬೀಳದೆ ಹೋದದ್ದೇಕೆ? ಜನಾಂಗದ್ವೇಷ ಒಂದು ಕಾರಣ, ಲಿಂಗಭೇದ ಇನ್ನೊಂದು. ಮೂರನೆಯದು ವಿಜ್ಞಾನದ ಕಥೆಯನ್ನು ಏಕಾಂಗಿ ಮಹಾಪುರುಷನ ಕಥೆಯಾಗಿಯೇ ಹೇಳುವ ಅಭ್ಯಾಸ. ಒಬ್ಬ ಗಗನಯಾನಿ, ಒಬ್ಬ ನಿರ್ದೇಶಕ, ಒಬ್ಬ ಪ್ರತಿಭಾವಂತ. ಸಾಲಾಗಿ ಕುಳಿತು ಲೆಕ್ಕ ಮಾಡಿದ ಒಂದು ಕೋಣೆಗೆ ಆ ಕಥೆಯಲ್ಲಿ ಸ್ಥಳವಿರಲಿಲ್ಲ. ಈಗ ಆ ಕೋಣೆಯಿಂದ ಒಬ್ಬರನ್ನು ಆರಿಸಿ ಅದೇ ಪೀಠದ ಮೇಲೆ ಕೂರಿಸಿದರೆ, ಉಳಿದವರನ್ನು ಎರಡನೆಯ ಸಲ ಕೋಣೆಯಲ್ಲೇ ಕೂಡಿಹಾಕಿದಂತಾಗುತ್ತದೆ. ಶೆಟರ್ಲಿಯವರ ಚಿತ್ರಪುಸ್ತಕ ಒಬ್ಬರ ಬದಲು ನಾಲ್ವರನ್ನು ಆರಿಸಿಕೊಂಡದ್ದು, ಬೇರ್ಪಡಿಸುವ ಕಾನೂನುಗಳನ್ನು ಕಾನೂನುಗಳೆಂದೇ ಸರಳ ವಾಕ್ಯಗಳಲ್ಲಿ ಹೇಳಿದ್ದು ಈ ದೃಷ್ಟಿಯಿಂದ ಗಮನಾರ್ಹ. ಗಣಿತದಲ್ಲಿ ಅವರು ನಿಪುಣರೆಂಬ ಮಾತು ಅಲ್ಲಿ ಪಲ್ಲವಿಯಂತೆ ಬಹುವಚನದಲ್ಲಿ ಮರಳಿ ಮರಳಿ ಬರುತ್ತದೆ. ಲೇಖಕಿ ಹ್ಯಾಂಪ್ಟನ್ನಿನಲ್ಲಿಯೇ ಬೆಳೆದವರು, ತಂದೆ ಲ್ಯಾಂಗ್ಲಿಯ ವಿಜ್ಞಾನಿ. ಚಿಕ್ಕಂದಿನಲ್ಲಿ ಅವರಿಗೆ ವಿಜ್ಞಾನವೆಂದರೆ ನೆರೆಹೊರೆಯ, ಚರ್ಚಿನ ಪರಿಚಿತ ಮುಖಗಳೇ. ಮರೆಯಾಗಿದ್ದರೆಂದು ನಾವು ಹೇಳುವ ಈ ಹೆಂಗಸರು ತಮ್ಮ ಕೇರಿಯಲ್ಲಿ ಎಂದೂ ಮರೆಯಾಗಿರಲಿಲ್ಲ.

ಮಗುವಿಗೆ ಒಂದು ಮುಖ ಬೇಕು, ಕೋಣೆಯನ್ನು ಅದು ಪ್ರೀತಿಸಲಾರದು ಎಂಬ ಉತ್ತರಕ್ಕೆ ಅದರದೇ ಬಲವಿದೆ. ಆದರೆ ಮುಖವನ್ನು ಆರಿಸುವಾಗಲೂ ಈ ಪುಸ್ತಕಗಳು ಗೆಲುವಿನ ಕ್ಷಣಗಳನ್ನಷ್ಟೇ ಬಯಸುತ್ತವೆ. ಮೇರಿ ಜಾಕ್ಸನ್ ಎಂಜಿನಿಯರ್ ಆಗಬೇಕಾದರೆ ಬಿಳಿಯರಿಗಷ್ಟೇ ಮೀಸಲಾಗಿದ್ದ ಶಾಲೆಯಲ್ಲಿ ನಡೆಯುತ್ತಿದ್ದ ಪಾಠಗಳಿಗೆ ಕೂರಲು ನಗರಾಡಳಿತದ ಅನುಮತಿ ಬೇಡಬೇಕಿತ್ತು. ಬೇಡಿದರು, ಪಡೆದರು, 1958ರಲ್ಲಿ ನಾಸಾದ ಮೊದಲ ಕಪ್ಪು ಮಹಿಳಾ ಎಂಜಿನಿಯರ್ ಆದರು. ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. 1979ರಲ್ಲಿ ಅವರು ತಾವಾಗಿ ಕೆಳಗಿನ ಹುದ್ದೆಗೆ ಇಳಿದು, ಇತರ ಮಹಿಳೆಯರ ನೇಮಕ ಮತ್ತು ಬಡ್ತಿಗಳನ್ನು ನೋಡಿಕೊಳ್ಳುವ ಕೆಲಸವನ್ನು ಆರಿಸಿಕೊಂಡರು. ಏರುವ ಕಥೆ ಬರೆಯುವವರಿಗೆ ಈ ಇಳಿತ ತೊಡಕಿನದು. ಡೊರೊಥಿ ವಾನ್ ಅವರದೂ ಹಾಗೆಯೇ. ಫಾರ್ಮ್‌ವಿಲ್ಲಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅವರು 1943ರಲ್ಲಿ ಲ್ಯಾಂಗ್ಲಿಗೆ ಬಂದರು, 1949ರಲ್ಲಿ ಪಶ್ಚಿಮ ವಿಭಾಗದ ಮುಖ್ಯಸ್ಥೆಯಾದರು. 1958ರಲ್ಲಿ ಆ ವಿಭಾಗ ರದ್ದಾದ ಮೇಲೆ ಫೋರ್ಟ್ರಾನ್ ಕಲಿತು, ಕಲಿಸಿ, ದುಡಿದು, 1971ರಲ್ಲಿ ನಿವೃತ್ತರಾದರು. ಮುಖ್ಯಸ್ಥೆಯ ಹುದ್ದೆ ಮಾತ್ರ ಅವರಿಗೆ ಮತ್ತೆ ಸಿಗಲಿಲ್ಲ.

ಕನ್ನಡ ನಿಂತ ಎರಡನೆಯ ಕಡೆ 'ಕಂಪ್ಯೂಟರ್'. ಸ್ಲೇಡ್ ಅವರ ಪುಸ್ತಕದ ಹೆಸರೇ ಈ ಶ್ಲೇಷೆಯ ಮೇಲೆ ನಿಂತಿದೆ. ಇಂಗ್ಲಿಷಿನಲ್ಲಿ ಆ ಪದ ಮೊದಲು ಮನುಷ್ಯರನ್ನು ಸೂಚಿಸುತ್ತಿತ್ತೆಂಬುದನ್ನು ಮಗುವಿಗೆ ವಿವರಿಸಬೇಕು. ನಮ್ಮಲ್ಲಿ ಆ ತೊಂದರೆಯಿಲ್ಲ. ಗಣಕನೆಂದರೆ ಲೆಕ್ಕಿಗ, ಜ್ಯೋತಿಷಿ. ಯಂತ್ರ ಬಂದ ಮೇಲೆ ಅದಕ್ಕೆ 'ಯಂತ್ರ' ಎಂಬ ಬಾಲ ಸೇರಿಸಿ ಗಣಕಯಂತ್ರ ಎಂದೆವು. ಮನುಷ್ಯ ಮೊದಲು, ಯಂತ್ರ ಆಮೇಲೆ. ಗಣಕಿ ಎಂದು ಸ್ತ್ರೀಲಿಂಗ ಮಾಡಿಕೊಂಡದ್ದು ನನ್ನ ಸ್ವಾತಂತ್ರ್ಯ. ಪರಿಭಾಷೆಯ ಪಂಡಿತರು ಮನ್ನಿಸಬೇಕು.

ಈ ಗಣಕಿಯರು ಮಾಡಿದ ಗಣನೆ ಯಾವುದು ಎಂಬುದನ್ನು ನಾನು ಓದಿದ ಬಹುಪಾಲು ಪುಸ್ತಕಗಳು ಹೇಳುವುದಿಲ್ಲ. ಹಲಗೆಯ ಮೇಲಿನ ಸೂತ್ರಗಳು ಹಬ್ಬದ ತೋರಣದಂತೆ ಚಿತ್ರದ ಅಂಚಿನಲ್ಲಿ ತೂಗುತ್ತವೆ. ಗಣಿತಜ್ಞೆಯ ಪುಸ್ತಕದಲ್ಲಿ ಗಣಿತವಿಲ್ಲ. ಅಕ್ಕನ ಮಗಳು ಕೇಳಿದ್ದೂ ಇದನ್ನೇ: 'ಲೆಕ್ಕ ಯಾವುದು, ಹೇಳು.' 1960ರಲ್ಲಿ ಟೆಡ್ ಸ್ಕೊಪಿನ್ಸ್ಕಿಯವರೊಡನೆ ಜಾನ್ಸನ್ ಬರೆದ ವರದಿ, ಅವರ ವಿಭಾಗದಲ್ಲಿ ಮಹಿಳೆಯೊಬ್ಬರ ಹೆಸರು ಲೇಖಕಿಯಾಗಿ ಅಚ್ಚಾದ ಮೊದಲ ವರದಿ, ಭೂಮಿಯ ಗೊತ್ತಾದ ಜಾಗದ ಮೇಲೆ ನೌಕೆ ಬರಬೇಕಾದರೆ ಅದನ್ನು ಯಾವ ಕೋನದಲ್ಲಿ ಹಾರಿಸಬೇಕೆಂಬುದನ್ನು ಕುರಿತದ್ದು. ಕೊನೆಯಿಂದ ಮೊದಲಿಗೆ ಹೋಗುವ ಲೆಕ್ಕ. ಒಂಬತ್ತೂವರೆಗೆ ಶಾಲೆಯಲ್ಲಿರಬೇಕಾದರೆ, ಬಸ್ಸಿಗೆ ಇಪ್ಪತ್ತೈದು ನಿಮಿಷ ಹಿಡಿಯುವುದಾದರೆ, ಮನೆ ಬಿಡುವುದೆಷ್ಟು ಹೊತ್ತಿಗೆ? ಅವಳು ಮಾಡಿದಳು. ನಡುವೆ ಬಸ್ ನಿಲ್ದಾಣವೂ ತಿರುಗುತ್ತಿದ್ದರೆ ಎಂದೆ. ಭೂಮಿ ತಿರುಗುವ ವಿಷಯ ಹೀಗೆ ಬಂತು. ಐದನೆಯ ತರಗತಿಗೆ ಇಷ್ಟು ಸಾಧ್ಯವಿದ್ದಾಗ, ಇಷ್ಟನ್ನೂ ಕೊಡದಿರುವುದು ಓದುವ ಮಗುವನ್ನು ಕಡಿಮೆ ಅಂದಾಜು ಮಾಡಿದಂತೆ.

ಮೂರನೆಯ ನಿಲುಗಡೆ ಸರ್ವನಾಮದ್ದು. ನನಗೆ ಅತಿ ಕಷ್ಟವಾದದ್ದು ಇದೇ. 1962ರ ಫೆಬ್ರವರಿಯಲ್ಲಿ ಜಾನ್ ಗ್ಲೆನ್ ಭೂಮಿಯನ್ನು ಸುತ್ತಲು ಹೊರಡುವ ಮುನ್ನ, ಯಂತ್ರ ಕೊಟ್ಟ ಅಂಕಿಗಳನ್ನು ಜಾನ್ಸನ್ ಅವರು ಕೈಯಿಂದ ಲೆಕ್ಕ ಮಾಡಿ ಪರಿಶೀಲಿಸಲಿ ಎಂದು ಕೇಳಿದ್ದು ಈ ಪುಸ್ತಕಗಳೆಲ್ಲದರ ಮೆಚ್ಚಿನ ಪ್ರಸಂಗ. ಗ್ಲೆನ್ ಅವರನ್ನು ಕರೆದದ್ದು ಹೆಸರಿನಿಂದಲ್ಲ, 'ಹುಡುಗಿ' ಎಂದು. ಆಗ ಜಾನ್ಸನ್ ಅವರಿಗೆ 43 ವರ್ಷ, ಮೂವರು ಹೆಣ್ಣುಮಕ್ಕಳ ತಾಯಿ. ಗ್ಲೆನ್ ಅವರಿಗೆ ಆಗ ಅಗೌರವದ ಉದ್ದೇಶವಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಕಚೇರಿಯ ರೂಢಿಯೇ ಹಾಗಿತ್ತು. ಇಂಗ್ಲಿಷ್ ಲೇಖಕಿ ಆ ಪದವನ್ನು ಹಾಗೆಯೇ ಇಟ್ಟು ಮುಂದೆ ಹೋಗಬಲ್ಲಳು. ಕನ್ನಡದಲ್ಲಿ ಬರೆಯುವವರು ಅದಕ್ಕೂ ಮೊದಲೇ ತೀರ್ಮಾನಿಸಬೇಕು: ಈ ವ್ಯಕ್ತಿ ಅವಳೋ, ಆಕೆಯೋ, ಅವರೋ? ನಮ್ಮ ಮಕ್ಕಳ ಪುಸ್ತಕಗಳಲ್ಲಿ ಮಹಾಪುರುಷರು ಹುಟ್ಟಿದ ಪುಟದಲ್ಲೇ 'ಅವರು' ಆಗಿಬಿಡುತ್ತಾರೆ, ತೊಟ್ಟಿಲಲ್ಲಿದ್ದಾಗಲೂ ಬಹುವಚನ. ಹೆಂಗಸರ ಕಥೆಯಲ್ಲಿ 'ಅವಳು' ಬಹಳ ದೂರದವರೆಗೆ ಬರುತ್ತದೆ, ಕೆಲವೊಮ್ಮೆ ಕೊನೆಯವರೆಗೂ.

ಇದು ಬರಿಯ ಶೈಲಿಯ ಪ್ರಶ್ನೆಯಾಗಿ ನನಗೆ ತೋರುವುದಿಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರು ಕಪ್ಪು ಹೆಂಗಸರನ್ನು ಮಿಸ್, ಮಿಸೆಸ್ ಎಂದು ಕರೆಯುತ್ತಿರಲಿಲ್ಲ; ವಯಸ್ಸೆಷ್ಟಾದರೂ ಬರಿಯ ಹೆಸರು. 1963ರಲ್ಲಿ ಅಲಬಾಮಾದ ನ್ಯಾಯಾಲಯವೊಂದರಲ್ಲಿ ಮೇರಿ ಹ್ಯಾಮಿಲ್ಟನ್ ಎಂಬ ಹೋರಾಟಗಾರ್ತಿ, ವಕೀಲ ತಮ್ಮನ್ನು ಬರಿದೆ ಮೇರಿ ಎಂದು ಕರೆದಾಗ, ಮಿಸ್ ಹ್ಯಾಮಿಲ್ಟನ್ ಎನ್ನುವವರೆಗೆ ಉತ್ತರಿಸುವುದಿಲ್ಲ ಎಂದರು. ನ್ಯಾಯಾಲಯ ನಿಂದನೆಯೆಂದು ಶಿಕ್ಷೆ ವಿಧಿಸಿತು. 1964ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ತಳ್ಳಿಹಾಕಿತು. ಒಂದು ಗೌರವ ಸೂಚಕಕ್ಕಾಗಿ ಅಲ್ಲಿಯವರೆಗೆ ಹೋಗಬೇಕಾಗಿದ್ದ ಜನರ ಕಥೆಯನ್ನು, ಗೌರವವನ್ನು ಕ್ರಿಯಾಪದದಲ್ಲೇ ತುಂಬಿಕೊಂಡ ಭಾಷೆಗೆ ತರುವಾಗ ಏಕವಚನ ಬಹುವಚನಗಳನ್ನು ಕೈಗೆ ಬಂದಂತೆ ಬಳಸಲಾಗದು.

ನನ್ನ ಕರಡಿನಲ್ಲಿ ಬಾಲ್ಯದ ಪುಟಗಳಲ್ಲೆಲ್ಲ 'ಅವಳು' ಎಂದೇ ಇದೆ. ಮೆಟ್ಟಿಲುಗಳನ್ನು, ತಟ್ಟೆಗಳನ್ನು ಎಣಿಸುತ್ತ ಓಡಾಡುವ ಹುಡುಗಿಯನ್ನು 'ಅವರು' ಎಂದರೆ ಓದುವ ಮಗುವಿಗೂ ಅವಳಿಗೂ ನಡುವೆ ಗೋಡೆ ಏಳುತ್ತದೆ. 'ಅವರು' ಎಂದು ಬದಲಾಯಿಸುವ ಜಾಗ ಯಾವುದು? ಮೊದಲು ಗ್ಲೆನ್ ಪ್ರಸಂಗದ ಬಳಿ ಇಟ್ಟಿದ್ದೆ. ಆಗ ಬಿಳಿಯ ಗಗನಯಾನಿ ನಂಬಿದ್ದರಿಂದಲೇ ಗೌರವ ಬಂತೆಂಬ ಅರ್ಥ ಹೊರಟಿತು. 1953ರಲ್ಲಿ ಲ್ಯಾಂಗ್ಲಿಗೆ ಸೇರಿದ ಪುಟಕ್ಕೆ ತಂದೆ. ನೌಕರಿಯಿಂದ ಗೌರವವೆಂದಾಯಿತು. ಕೊನೆಗೆ 1937ಕ್ಕೆ ಹಿಂದೆ ಸರಿಸಿದೆ. ಆ ವರ್ಷ ಹದಿನೆಂಟರ ಕ್ಯಾಥರೀನ್ ಕಾಲೇಜು ಮುಗಿಸಿ ವರ್ಜೀನಿಯಾದ ಮೇರಿಯನ್ ಊರಿನ ಕಪ್ಪು ಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹೋದರು. ಟೀಚರನ್ನು ಅವಳು ಎನ್ನುವ ಮಗು ನಮ್ಮಲ್ಲಿಲ್ಲ. ಅಕ್ಕನ ಮಗಳು ಆ ಪುಟವನ್ನು ಓದುವಾಗ ಬದಲಾವಣೆಯನ್ನು ಗಮನಿಸಲೇ ಇಲ್ಲ, ಸರಾಗವಾಗಿ ಓದಿಕೊಂಡು ಹೋದಳು. ಕರಡನ್ನು ನೋಡಿದ ಹಿರಿಯ ಅಧ್ಯಾಪಕರೊಬ್ಬರು ಮಾತ್ರ ಒಂದೇ ಕಥೆಯಲ್ಲಿ ಎರಡು ವಚನಗಳು ದೋಷವೆಂದು ಅಂಚಿನಲ್ಲಿ ಗುರುತು ಹಾಕಿ ಕಳಿಸಿದ್ದಾರೆ. ಅವರಿಗೆ ಉತ್ತರ ಬರೆಯಬೇಕಾಗಿದೆ.